ಬ್ರೌಸರ್ ನವೀಕರಣ: ಮುಂದೂಡುವುದರ ಲಾಭ-ನಷ್ಟ

ಗಣಕಯಂತ್ರದ ಪರದೆಯ ಬಲ ಮೂಲೆಯಲ್ಲಿ ‘ಅಪ್‌ಡೇಟ್’ ಎಂಬ ಸಣ್ಣ ಸೂಚನೆ ಕಾಣಿಸಿಕೊಂಡಾಗ ನಮ್ಮ ಬಹುತೇಕ ಮಳಿಗೆ, ಕಾರ್ಖಾನೆಗಳ ಲೆಕ್ಕಪತ್ರ ವಿಭಾಗದಲ್ಲಿ ಕೇಳಿಬರುವ ಉತ್ತರ ಒಂದೇ: “ಈಗ ಬೇಡ, ರಿಟರ್ನ್ ಮುಗಿಯಲಿ.” ಆದರೆ ರಿಟರ್ನ್ ಎಂಬುದು ಮುಗಿಯುವ ವಸ್ತುವಲ್ಲ. ತಿಂಗಳ 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯನಿಧಿ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ನಡುವೆ ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್, ಇ-ವೇ ಬಿಲ್, ಯಾವುದಾದರೊಂದು ಟೆಂಡರು. ಹೀಗಾಗಿ ಯುಗಾದಿಯ ಹೊತ್ತಿಗೆ ಮುಂದೂಡಿದ ನವೀಕರಣ ದೀಪಾವಳಿಯ ಲಕ್ಷ್ಮೀಪೂಜೆಯ ವೇಳೆಗೂ ಹಾಗೆಯೇ ಉಳಿದಿರುವುದುಂಟು.

ಇದನ್ನು ಅಜ್ಞಾನವೆಂದೋ ಉದಾಸೀನವೆಂದೋ ಜರೆಯುವುದು ಸುಲಭ. ತಂತ್ರಜ್ಞಾನದ ಬಗ್ಗೆ ಬರೆಯುವ ಅನೇಕರು ಹಾಗೆಯೇ ಜರೆಯುತ್ತಾರೆ. ಆದರೆ ವರ್ತಕನ ಈ ಹಿಂಜರಿಕೆಯ ಹಿಂದೆ ಅನುಭವವಿದೆ. ನಿನ್ನೆಯವರೆಗೆ ನಡೆಯುತ್ತಿದ್ದ ಡಿಜಿಟಲ್ ಸಹಿ ಇಂದು ನಡೆಯದಿದ್ದರೆ, ಟೋಕನ್ ಸಿಕ್ಕಿಸಿದರೂ ಜಾಲತಾಣ ಅದನ್ನು ಗುರುತಿಸದಿದ್ದರೆ, ಅದರ ಪರಿಣಾಮವನ್ನು ಅನುಭವಿಸುವವನು ಬ್ರೌಸರನ್ನು ತಯಾರಿಸಿದವನೂ ಅಲ್ಲ, ಜಾಲತಾಣವನ್ನು ಕಟ್ಟಿದವನೂ ಅಲ್ಲ. ಆದ್ದರಿಂದ ಈ ವಿಷಯವನ್ನು ಉಪದೇಶದ ಧಾಟಿಯನ್ನು ಬಿಟ್ಟು, ನಮಗೆ ಪರಿಚಿತವಾದ ಜಮಾ-ಖರ್ಚಿನ ಧಾಟಿಯಲ್ಲಿ ಪರಿಶೀಲಿಸುವುದು ಉಚಿತ. ಲೆಕ್ಕ ಹಾಕಿ ನೋಡಿದಾಗ, ಮುಂದೂಡುವುದರಿಂದ ಉಳಿಯುವುದು ಅಲ್ಪ, ಕಳೆದುಕೊಳ್ಳಬಹುದಾದದ್ದು ಅಪಾರ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಈ ಲೆಕ್ಕದ ಒಂದು ಭಾಗವನ್ನು ನಾವಲ್ಲ, ಸರಕಾರಿ ಜಾಲತಾಣಗಳನ್ನು ನಡೆಸುವವರು ತುಂಬಿಕೊಡಬೇಕಾಗಿದೆ ಎಂಬುದೂ ಅಷ್ಟೇ ಖಚಿತ.

ಭಯಕ್ಕೆ ಕಾರಣವಿದೆ

ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ನೆಯ ಇಸವಿಯಲ್ಲಿ ಬಂದು ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ದೊರೆತ ಮೇಲೆ, ಇಲಾಖೆಗಳು ಒಂದೊಂದಾಗಿ ಅಂತರಜಾಲಕ್ಕೆ ಬಂದವು. ಆ ಕಾಲದಲ್ಲಿ ಬ್ರೌಸರಿಗೆ ಯುಎಸ್‌ಬಿ ಟೋಕನ್ನಿನೊಳಗಿನ ಸಹಿಯನ್ನು ಮುಟ್ಟುವ ಸಾಮರ್ಥ್ಯ ತಾನಾಗಿ ಇರಲಿಲ್ಲ. ಅದಕ್ಕಾಗಿ ಬ್ರೌಸರಿನೊಳಗೆ ಇನ್ನೊಂದು ತಂತ್ರಾಂಶವನ್ನು ಕೂರಿಸಬೇಕಾಗುತ್ತಿತ್ತು. ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಆಕ್ಟಿವ್‌ಎಕ್ಸ್, ಉಳಿದವುಗಳಲ್ಲಿ ಜಾವಾ ಆಪ್ಲೆಟ್. ಟೆಂಡರ್ ಹಾಕುವ ಮುನ್ನ “ಜಾವಾದ ಇಂಥ ಆವೃತ್ತಿಯೇ ಇರಬೇಕು, ಅದಕ್ಕಿಂತ ಹೊಸದು ಬೇಡ” ಎಂಬ ಸೂಚನೆಯನ್ನು ಓದಿದ ನೆನಪು ನಮ್ಮ ಹಿರಿಯ ಸದಸ್ಯರಿಗೆ ಇದ್ದೇ ಇರುತ್ತದೆ. ಕನ್ನಡ ಪತ್ರಿಕೆಗಳ ಜಾಲತಾಣಗಳನ್ನು ಓದುವುದಕ್ಕೂ ಆಗ ಇಂಟರ್‌ನೆಟ್ ಎಕ್ಸ್‌ಪ್ಲೋರರೇ ಬೇಕಾಗಿತ್ತು, ಇಲ್ಲವಾದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಒಂದೇ ಬ್ರೌಸರು, ಒಂದೇ ಆವೃತ್ತಿ, ಅದನ್ನು ಮುಟ್ಟಬಾರದು ಎಂಬ ಶಿಸ್ತು ನಮ್ಮಲ್ಲಿ ಬೇರೂರಿದ್ದು ಹೀಗೆ.

ಆದರೆ ಈ ಒಳತೂರಿದ ತಂತ್ರಾಂಶಗಳೇ ಕಳ್ಳರಿಗೆ ಹೆಬ್ಬಾಗಿಲಾದವು. 2013ರ ಜನವರಿಯಲ್ಲಿ ಅಮೆರಿಕದ ಗೃಹಭದ್ರತಾ ಇಲಾಖೆಯೇ ಬ್ರೌಸರಿನಲ್ಲಿ ಜಾವಾವನ್ನು ನಿಷ್ಕ್ರಿಯಗೊಳಿಸುವಂತೆ ಸಾರ್ವಜನಿಕರಿಗೆ ಸಲಹೆ ನೀಡಬೇಕಾಯಿತು. ಗೂಗಲ್ ಸಂಸ್ಥೆಯು ಕ್ರೋಮ್ ಬ್ರೌಸರಿನಲ್ಲಿ ಜಾವಾ ಆಪ್ಲೆಟ್ ನಡೆಯಲು ಬೇಕಾದ ಹಳೆಯ ವ್ಯವಸ್ಥೆಯನ್ನು 2015ರ ಏಪ್ರಿಲ್‌ನಲ್ಲಿ ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಪೂರ್ಣವಾಗಿ ಕಿತ್ತುಹಾಕಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಅದೇ ಹಾದಿ ಹಿಡಿಯಿತು. ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ವಿದಾಯ ಹೇಳಿತು. ಪ್ರತಿಯೊಂದು ಹಂತದಲ್ಲೂ ಸುರಕ್ಷತೆಯ ದೃಷ್ಟಿಯಿಂದ ನಿರ್ಧಾರ ಸರಿಯಾಗಿತ್ತು, ಮತ್ತು ಪ್ರತಿಯೊಂದು ಹಂತದಲ್ಲೂ ಯಾವುದೋ ಊರಿನ ಯಾವುದೋ ಗುಮಾಸ್ತ ಸಲ್ಲಿಕೆಯ ಕಡೆಯ ದಿನ ಪರದೆಯ ಮುಂದೆ ಕೈಚೆಲ್ಲಿ ಕೂರಬೇಕಾಯಿತು.

ಇಂದು ಜಿಎಸ್‌ಟಿ ತಾಣದಲ್ಲಿ ಸಹಿ ಹಾಕಲು ನಾವು ಬಳಸುವ ಎಂಸೈನರ್ ಆ ಹಳೆಯ ಆಪ್ಲೆಟ್ಟಿನ ಸ್ಥಾನದಲ್ಲಿ ಬಂದದ್ದು. ಅದು ಬ್ರೌಸರಿನ ಹೊರಗೆ, ನಮ್ಮ ಯಂತ್ರದಲ್ಲೇ ಪ್ರತ್ಯೇಕವಾಗಿ ನಡೆಯುತ್ತದೆ. ಜಾಲತಾಣವು ಬ್ರೌಸರಿನ ಮೂಲಕ ಅದರೊಂದಿಗೆ ಮಾತನಾಡುತ್ತದೆ. ಹಿಂದಿನದಕ್ಕಿಂತ ಇದು ಮೇಲು. ಆದರೂ ಬ್ರೌಸರು ಮತ್ತು ಯಂತ್ರದ ನಡುವಿನ ಆ ಸಣ್ಣ ಸೇತುವೆಯನ್ನು ಬ್ರೌಸರ್ ತಯಾರಕರು ಸಂಶಯದಿಂದಲೇ ನೋಡುತ್ತಾರೆ. 2025ರ ಕೊನೆಯ ಭಾಗದಲ್ಲಿ ಬಂದ ಕ್ರೋಮ್ 142ನೆಯ ಆವೃತ್ತಿಯಿಂದ, ಜಾಲತಾಣವೊಂದು ನಮ್ಮ ಯಂತ್ರದೊಳಗಿನ ಅಥವಾ ಕಚೇರಿಯ ಜಾಲದೊಳಗಿನ ಸಾಧನವನ್ನು ಸಂಪರ್ಕಿಸಲು ಹೊರಟರೆ ಬಳಕೆದಾರನ ಅನುಮತಿ ಕೇಳುವ ಪದ್ಧತಿ ಆರಂಭವಾಯಿತು. ಇಂಥ ಪ್ರಶ್ನೆ ಬಂದಾಗ ಗಾಬರಿಯಿಂದ ‘ಬ್ಲಾಕ್’ ಒತ್ತಿದವರಿಗೆ ಸಹಿ ತಂತ್ರಾಂಶ ಕೆಟ್ಟಿತೆಂದೇ ತೋರುತ್ತದೆ. ವಾಸ್ತವದಲ್ಲಿ ಏನೂ ಕೆಟ್ಟಿರುವುದಿಲ್ಲ, ಬಾಗಿಲಿನ ಕಾವಲುಗಾರ ಹೊಸದಾಗಿ ಬಂದಿರುತ್ತಾನೆ, ಅಷ್ಟೆ. ತಾಣದ ವಿಳಾಸ ಸರಿಯಾಗಿದೆಯೇ ಎಂದು ನೋಡಿಕೊಂಡು ಅನುಮತಿ ನೀಡಬೇಕು.

ಕಾಣುವ ನಷ್ಟ, ಕಾಣದ ನಷ್ಟ

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ಬ್ರೌಸರಿನ ದೋಷವೆಂದರೆ ಏನೆಂಬುದನ್ನು 2023ರ ಸೆಪ್ಟೆಂಬರಿನ ಒಂದು ಪ್ರಕರಣದಿಂದ ತಿಳಿಯಬಹುದು. ಜಾಲತಾಣಗಳಲ್ಲಿ ಚಿತ್ರಗಳನ್ನು ಸಣ್ಣ ಗಾತ್ರದಲ್ಲಿ ಇಡಲು ವೆಬ್‌ಪಿ ಎಂಬ ವಿಧಾನವಿದೆ. ಆ ಚಿತ್ರಗಳನ್ನು ಬಿಡಿಸಿ ತೋರಿಸುವ ತಂತ್ರಾಂಶದ ತುಣುಕಿನಲ್ಲಿ ದೋಷವಿತ್ತು. ಉದ್ದೇಶಪೂರ್ವಕವಾಗಿ ರಚಿಸಿದ ಒಂದು ಚಿತ್ರವನ್ನು ಬ್ರೌಸರು ತೆರೆದರೆ ಸಾಕು, ಆಕ್ರಮಣಕಾರನ ಆಜ್ಞೆಗಳು ಯಂತ್ರದಲ್ಲಿ ನಡೆಯುವ ಸಾಧ್ಯತೆ ಉಂಟಾಗುತ್ತಿತ್ತು. ಯಾವುದನ್ನೂ ಇಳಿಸಿಕೊಳ್ಳಬೇಕಾಗಿಲ್ಲ, ಯಾವ ಲಗತ್ತನ್ನೂ ತೆರೆಯಬೇಕಾಗಿಲ್ಲ. ಸೆಪ್ಟೆಂಬರ್ 11ರಂದು ಕ್ರೋಮಿಗೆ, ಮರುದಿನ ಫೈರ್‌ಫಾಕ್ಸಿಗೆ ಪರಿಹಾರ ಬಂದಿತು. ಪರಿಹಾರ ಬರುವ ಮೊದಲೇ ಈ ದೋಷ ದುರುಪಯೋಗವಾಗುತ್ತಿತ್ತು. “ನಾವು ಕೆಟ್ಟ ತಾಣಗಳಿಗೆ ಹೋಗುವುದಿಲ್ಲ, ನಮಗೇನು ಭಯ” ಎನ್ನುವವರು ಇದನ್ನು ಗಮನಿಸಬೇಕು.

ಇನ್ನೂ ಮುಖ್ಯವಾದ ಅಂಶವೊಂದಿದೆ. ಪರಿಹಾರ ಬಿಡುಗಡೆಯಾದ ದಿನವೇ ದೋಷದ ಗುಟ್ಟೂ ಹೊರಬೀಳುತ್ತದೆ. ಕ್ರೋಮ್, ಎಡ್ಜ್ ಮೊದಲಾದ ಬ್ರೌಸರುಗಳ ಮೂಲ ಸಂಕೇತ ಬಹಿರಂಗವಾಗಿರುವುದರಿಂದ, ಏನನ್ನು ತಿದ್ದಿದ್ದಾರೆಂದು ಹೋಲಿಸಿ ನೋಡಿದರೆ ಎಲ್ಲಿ ತೂತಿತ್ತೆಂದು ಬಲ್ಲವರಿಗೆ ತಿಳಿಯುತ್ತದೆ. ಅಂದರೆ ಬೀಗ ಬದಲಿಸಿದ ಸುದ್ದಿಯು ಹಳೆಯ ಬೀಗದ ದೌರ್ಬಲ್ಯವನ್ನು ಊರಿಗೆಲ್ಲ ಸಾರಿದಂತೆ. ಬದಲಿಸಿಕೊಂಡವನಿಗೆ ಭಯವಿಲ್ಲ, ಹಳೆಯದನ್ನೇ ಇಟ್ಟುಕೊಂಡವನ ಸ್ಥಿತಿ ನಿನ್ನೆಗಿಂತ ಇಂದು ಕೆಟ್ಟದ್ದು. ಈ ಅಂತರವನ್ನು ತಗ್ಗಿಸಲೆಂದೇ ಗೂಗಲ್ 2023ರ ಆಗಸ್ಟ್‌ನಿಂದ ಕ್ರೋಮಿನ ಸುರಕ್ಷತಾ ತಿದ್ದುಪಡಿಗಳನ್ನು ವಾರಕ್ಕೊಮ್ಮೆ ಬಿಡುಗಡೆ ಮಾಡಲಾರಂಭಿಸಿತು. ತಯಾರಕನು ದಿನಗಳ ಲೆಕ್ಕದಲ್ಲಿ ಓಡುತ್ತಿರುವಾಗ ನಾವು ತಿಂಗಳುಗಳ ಲೆಕ್ಕದಲ್ಲಿ ಮುಂದೂಡುವುದು ಅಪಾಯವನ್ನು ಕೈಯಾರೆ ಆಹ್ವಾನಿಸಿದಂತೆ.

ಈಗ ಅಂಕಿಗಳಿಗೆ ಬರೋಣ. ಬ್ರೌಸರ್ ನವೀಕರಣದಿಂದ ಸಹಿ ನಡೆಯದೆ ಜಿಎಸ್‌ಟಿಆರ್-3ಬಿ ಒಂದು ದಿನ ತಡವಾಯಿತೆಂದು ಭಾವಿಸಿ. ವಿಳಂಬ ಶುಲ್ಕ ಕೇಂದ್ರ ಮತ್ತು ರಾಜ್ಯದ ಪಾಲು ಸೇರಿ ದಿನಕ್ಕೆ 50 ರೂಪಾಯಿ. ವಾರ್ಷಿಕ ವಹಿವಾಟು ಒಂದೂವರೆ ಕೋಟಿಯವರೆಗಿನವರಿಗೆ 2021ರಲ್ಲಿ ಒಂದು ರಿಟರ್ನಿಗೆ 2,000 ರೂಪಾಯಿಗಳ ಗರಿಷ್ಠ ಮಿತಿಯನ್ನೂ ಹಾಕಲಾಯಿತು. ನಗದಾಗಿ ಕಟ್ಟಬೇಕಾದ ತೆರಿಗೆ ಒಂದು ಲಕ್ಷವಿದ್ದರೆ, ಶೇಕಡಾ 18ರ ಬಡ್ಡಿಯಂತೆ ಒಂದು ದಿನಕ್ಕೆ ಸುಮಾರು 49 ರೂಪಾಯಿ. ಎರಡೂ ಸೇರಿ ನೂರು ರೂಪಾಯಿಯ ಆಸುಪಾಸು. ಇದರ ಎದುರಿಗೆ, ಅದೇ ಯಂತ್ರದಿಂದ ನಡೆಯುವ ಚಾಲ್ತಿ ಖಾತೆಯಲ್ಲಿ ಆ ದಿನ ಇರುವ ಮೊತ್ತವನ್ನು ಇಡಿ. ಓವರ್‌ಡ್ರಾಫ್ಟ್ ಇದ್ದರೆ ಅದರ ಬಳಕೆಯಾಗದ ಮಿತಿಯನ್ನೂ ಸೇರಿಸಿ. ಒಂದು ಕಡೆಯ ನಷ್ಟಕ್ಕೆ ಮಿತಿಯಿದೆ, ಮತ್ತೊಂದಕ್ಕಿಲ್ಲ.

ಎಲ್ಲ ವಿಳಂಬವೂ ಇಷ್ಟು ಅಗ್ಗವೆಂದು ನಾನು ಹೇಳುತ್ತಿಲ್ಲ. ಜಿಎಸ್‌ಟಿಆರ್-1 ತಡವಾದರೆ ನಮ್ಮ ಗಿರಾಕಿಯ ಹೂಡುವಳಿ ತೆರಿಗೆ ಜಮೆಯು ಆ ತಿಂಗಳು ತೋರದೆ ಅವನ ಮುನಿಸಿಗೆ ಗುರಿಯಾಗುತ್ತೇವೆ. ದೊಡ್ಡ ಕಾರ್ಖಾನೆಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಕ್ಕೆ ಈ ಮುನಿಸು ದುಬಾರಿಯೇ. ಟೆಂಡರಿನ ಮಾತಂತೂ ಬೇರೆಯೇ. ಸಂಜೆ ನಿಗದಿತ ಗಂಟೆಗೆ ಮುಚ್ಚುವ ಬಿಡ್ಡಿಗೆ ವಿಳಂಬ ಶುಲ್ಕವೆಂಬುದಿಲ್ಲ, ಹೋದದ್ದು ಹೋಯಿತು. ಆದರೆ ಇವೆರಡೂ ಮುಂಚಿತವಾಗಿ ದಿನಾಂಕ ತಿಳಿದಿರುವ ಕೆಲಸಗಳು. ಆಕ್ರಮಣಕಾರನು ದಿನಾಂಕ ತಿಳಿಸಿ ಬರುವುದಿಲ್ಲ.

ಹಣ ಹೋದ ಮೇಲಿನ ಹೊಣೆಯ ಪ್ರಶ್ನೆಯೂ ಇದೆ. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳ ಕುರಿತು ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಒಂದು ತತ್ವವನ್ನು ಸ್ಥಾಪಿಸಿತು. ತಪ್ಪು ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ಅಲ್ಲದೆ ಬೇರೆಡೆ ಇದ್ದು, ಮೂರು ಕೆಲಸದ ದಿನಗಳೊಳಗೆ ವರದಿ ಮಾಡಿದರೆ ಗ್ರಾಹಕನಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನಗಳೊಳಗೆ ವರದಿ ಮಾಡಿದರೆ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಚಾಲ್ತಿ ಖಾತೆಗೆ 10,000 ರೂಪಾಯಿಗಳ ಮಿತಿ. ಆದರೆ ನಷ್ಟಕ್ಕೆ ಗ್ರಾಹಕನ ನಿರ್ಲಕ್ಷ್ಯವೇ ಕಾರಣವಾದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ಸಂಪೂರ್ಣ ನಷ್ಟ ಅವನದೇ. ಆ ಸುತ್ತೋಲೆಯಲ್ಲಿ ಬ್ರೌಸರಿನ ಪ್ರಸ್ತಾಪವಿಲ್ಲ. ಆದರೆ ಎರಡು ವರ್ಷಗಳ ಹಳೆಯ ಬ್ರೌಸರನ್ನು ಇಟ್ಟುಕೊಂಡು, ನನ್ನಲ್ಲಿ ನಿರ್ಲಕ್ಷ್ಯವಿರಲಿಲ್ಲವೆಂದು ವಾದಿಸುವ ಸ್ಥಿತಿಗೆ ಯಾವ ವರ್ತಕನೂ ಬರಬಾರದು. ಡಿಜಿಟಲ್ ಸಹಿಯ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ಸಹಿಯ ಖಾಸಗಿ ಕೀಲಿಯ ಮೇಲಿನ ಹತೋಟಿಯನ್ನು ಸೂಕ್ತ ಎಚ್ಚರಿಕೆಯಿಂದ ಕಾಪಾಡಿಕೊಳ್ಳುವುದು ಸಹಿದಾರನ ಕರ್ತವ್ಯವೆಂದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 42ನೆಯ ಪ್ರಕರಣ ಹೇಳುತ್ತದೆ. ಮಾಲೀಕರ ಟೋಕನ್ ಬೆಳಗಿನಿಂದ ಸಂಜೆಯವರೆಗೆ ಯಂತ್ರದಲ್ಲೇ ಸಿಕ್ಕಿಕೊಂಡಿದ್ದು, ಅದರ ಪಿನ್ ಸಂಖ್ಯೆ ಪರದೆಯ ಅಂಚಿಗೆ ಚೀಟಿಯಾಗಿ ಅಂಟಿರುವ ಕಚೇರಿಗಳು ನಮ್ಮ ನಡುವೆ ಕಡಿಮೆಯೇನಿಲ್ಲ.

ಕೊರಿಯಾ ದೇಶದ ಪಾಠ

ಹಳೆಯ ಬ್ರೌಸರಿಗೆ ಇಡೀ ವ್ಯಾಪಾರವನ್ನೇ ಕಟ್ಟಿಹಾಕಿದರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ಕೊರಿಯಾಕ್ಕಿಂತ ಉತ್ತಮ ನಿದರ್ಶನವಿಲ್ಲ. 1990ರ ದಶಕದಲ್ಲಿ ಬಲವಾದ ಗೂಢಲಿಪಿ ತಂತ್ರಗಳ ರಫ್ತಿನ ಮೇಲೆ ಅಮೆರಿಕ ನಿರ್ಬಂಧ ಹೇರಿತ್ತು. ಆಗ ಕೊರಿಯಾದವರು 1998ರಲ್ಲಿ ಸೀಡ್ ಎಂಬ ತಮ್ಮದೇ ಗೂಢಲಿಪಿಯನ್ನು ರೂಪಿಸಿಕೊಂಡರು. ಸ್ವಾಭಿಮಾನಿ ದೇಶವೊಂದು ಮಾಡಬೇಕಾದ ಕೆಲಸವೇ ಸರಿ. ಆದರೆ ಬ್ರೌಸರುಗಳಿಗೆ ಅದು ತಿಳಿದಿರಲಿಲ್ಲವಾದ್ದರಿಂದ ಆಕ್ಟಿವ್‌ಎಕ್ಸ್ ಮೂಲಕ ಸೇರಿಸಬೇಕಾಯಿತು. ಅದರ ಮೇಲೆ ಸರಕಾರವು ಅಂತರಜಾಲದ ಹಣಕಾಸು ವಹಿವಾಟಿಗೆ ಅಧಿಕೃತ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಪರಿಣಾಮವಾಗಿ ಜಗತ್ತಿನಲ್ಲೇ ವೇಗದ ಅಂತರಜಾಲವುಳ್ಳ ದೇಶದಲ್ಲಿ ಬ್ಯಾಂಕಿಗೆ ಹೋಗಬೇಕಾದರೂ, ಸರಕು ಕೊಳ್ಳಬೇಕಾದರೂ, ತೆರಿಗೆ ಕಟ್ಟಬೇಕಾದರೂ ಇಂಟರ್‌ನೆಟ್ ಎಕ್ಸ್‌ಪ್ಲೋರರೇ ಗತಿಯಾಯಿತು. ಪ್ರತಿ ತಾಣವೂ “ಇದನ್ನು ಅಳವಡಿಸಿ” ಎಂದು ಕೇಳುತ್ತಿದ್ದುದರಿಂದ, ಏನು ಕೇಳಿದರೂ ‘ಹೌದು’ ಒತ್ತುವ ಅಭ್ಯಾಸ ಜನರಿಗೆ ಅಂಟಿತು. ಸುರಕ್ಷತೆಗೆಂದು ತಂದ ವ್ಯವಸ್ಥೆಯು ಅಸುರಕ್ಷಿತ ಅಭ್ಯಾಸದ ಪಾಠಶಾಲೆಯಾಯಿತು.

ವ್ಯಾಪಾರಕ್ಕಾದ ಹಾನಿ ಬೆಳಕಿಗೆ ಬಂದದ್ದು ಒಂದು ಕೋಟಿನಿಂದ. ‘ಮೈ ಲವ್ ಫ್ರಂ ದ ಸ್ಟಾರ್’ ಎಂಬ ಧಾರಾವಾಹಿಯ ನಾಯಕಿ ಧರಿಸಿದ ಕೋಟು ಚೀನಾದ ವೀಕ್ಷಕರಿಗೆ ಬಹುವಾಗಿ ಹಿಡಿಸಿತು. ಕೊಳ್ಳಲು ಕೊರಿಯಾದ ಅಂಗಡಿಗಳ ತಾಣಕ್ಕೆ ಬಂದವರಿಗೆ ಪ್ರಮಾಣಪತ್ರವಿಲ್ಲ, ಆಕ್ಟಿವ್‌ಎಕ್ಸ್ ಇಲ್ಲ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಮಾರಲಾಗದ ಈ ಸ್ಥಿತಿಯನ್ನು ಅಧ್ಯಕ್ಷೆ ಪಾರ್ಕ್ ಗುನ್-ಹೇ ಅವರೇ 2014ರ ಮಾರ್ಚ್‌ನಲ್ಲಿ ಸಭೆಯೊಂದರಲ್ಲಿ ಪ್ರಸ್ತಾಪಿಸಿದರು. ಅಲ್ಲಿಂದ ಸುಧಾರಣೆ ಆರಂಭವಾಗಿ, ಅಧಿಕೃತ ಪ್ರಮಾಣಪತ್ರದ ವಿಶೇಷ ಸ್ಥಾನಮಾನ ಪೂರ್ಣವಾಗಿ ರದ್ದಾದದ್ದು 2020ರ ಡಿಸೆಂಬರ್ 10ರಂದು. ಆರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಕೆಲವೇ ದಿನಗಳ ಮುನ್ನ, ನವೆಂಬರಿನಲ್ಲಿ, ಕೊರಿಯಾದ ತಾಣಗಳು ಬಳಕೆದಾರರ ಯಂತ್ರಗಳಿಗೆ ಸುರಕ್ಷತಾ ತಂತ್ರಾಂಶ ಅಳವಡಿಸಲು ಬಳಸುತ್ತಿದ್ದ ವ್ಯವಸ್ಥೆಯನ್ನೇ ದುರುಪಯೋಗಪಡಿಸಿಕೊಂಡು ಲಜಾರಸ್ ಎಂಬ ಆಕ್ರಮಣಕಾರರ ತಂಡ ಯಂತ್ರಗಳೊಳಗೆ ನುಗ್ಗಿದ್ದನ್ನು ಈಸೆಟ್ ಸಂಸ್ಥೆ ಬಹಿರಂಗಪಡಿಸಿತು.

ನಮ್ಮ ಎಂಸೈನರ್ ಮತ್ತು ಕೊರಿಯಾದ ಆಕ್ಟಿವ್‌ಎಕ್ಸ್ ಒಂದೇ ಅಲ್ಲ. ಆದರೆ ಹಾದಿಯ ದಿಕ್ಕನ್ನು ಗುರುತಿಸಲು ಈ ನಿದರ್ಶನ ಸಾಕು. ದಕ್ಷಿಣ ಆಫ್ರಿಕಾದ ಕಂದಾಯ ಸೇವೆಯ ಕಥೆ ಇನ್ನೂ ವಿಚಿತ್ರ. ಅಡೋಬಿ ಸಂಸ್ಥೆಯು ಫ್ಲ್ಯಾಷ್ ತಂತ್ರಾಂಶವನ್ನು 2020ರ ಕೊನೆಗೆ ನಿಲ್ಲಿಸುವುದಾಗಿ 2017ರಲ್ಲೇ ಘೋಷಿಸಿದ್ದರೂ, ಅಲ್ಲಿನ ಕೆಲವು ತೆರಿಗೆ ನಮೂನೆಗಳು ಫ್ಲ್ಯಾಷ್‌ನಲ್ಲೇ ಉಳಿದಿದ್ದವು. 2021ರ ಜನವರಿಯಲ್ಲಿ ಅವು ತೆರೆಯದಂತಾದಾಗ, ಫ್ಲ್ಯಾಷ್ ನಡೆಯುವಂತಹ ತನ್ನದೇ ಬ್ರೌಸರೊಂದನ್ನು ಆ ಇಲಾಖೆ ತೆರಿಗೆದಾರರಿಗೆ ಹಂಚಿತು. ತಾನು ಮೂರು ವರ್ಷ ಮಾಡದ ಕೆಲಸಕ್ಕಾಗಿ ತೆರಿಗೆದಾರನ ಯಂತ್ರದಲ್ಲಿ ಹಳೆಯ ತೂತನ್ನು ಉಳಿಸಿಕೊಳ್ಳುವಂತೆ ಹೇಳಿದ ಹಾಗಾಯಿತು.

ಮುಂದೂಡಿದರೂ ಉಳಿಯದು

ನವೀಕರಿಸದಿದ್ದರೆ ಇರುವ ಸೌಲಭ್ಯ ಇದ್ದ ಹಾಗೆಯೇ ಇರುತ್ತದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. 2025ರ ಮಾರ್ಚ್ 14ರಂದು ಫೈರ್‌ಫಾಕ್ಸಿನೊಳಗಿನ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. 128ನೆಯ ಆವೃತ್ತಿಗೆ ಅಥವಾ ದೀರ್ಘಾವಧಿ ಆವೃತ್ತಿ 115.13ಕ್ಕೆ ಏರದೆ ಉಳಿದವರು ಸೇರ್ಪಡೆ ತಂತ್ರಾಂಶಗಳು ಕೆಲಸ ನಿಲ್ಲಿಸುವ ಅಪಾಯಕ್ಕೆ ಒಳಗಾದರು. ಏನನ್ನೂ ಮುಟ್ಟದೆ ಕುಳಿತವರಿಗೇ ಕಾರ್ಯಲೋಪ. ವಿಂಡೋಸ್ 7 ಯಂತ್ರಗಳನ್ನು ಇನ್ನೂ ಇಟ್ಟುಕೊಂಡಿರುವ ಗೋದಾಮುಗಳಿವೆ. ಅವುಗಳಲ್ಲಿ ಕ್ರೋಮ್ 2023ರ 109ನೆಯ ಆವೃತ್ತಿಗೇ ನಿಂತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ರೌಸರುಗಳು ಅದರ ಮೇಲೆ ಅಂದೇ ನಿಲ್ಲಲಿಲ್ಲವಾದರೂ, ಹೊಸ ಯಂತ್ರದ ಖರ್ಚನ್ನು ಮುಂದಿನ ಆಯವ್ಯಯದಲ್ಲಿ ಸೇರಿಸದಿರುವುದು ವಿವೇಕವಲ್ಲ.

ಹಾಗೆಂದು ನವೀಕರಣವನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶದ ದೋಷಪೂರಿತ ತಿದ್ದುಪಡಿಯೊಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಬ್ರೌಸರ್ ತಯಾರಕರಿಗೂ ಈ ಸಂಕಟದ ಅರಿವಿದೆ. 2020ರ ಫೆಬ್ರವರಿಯಲ್ಲಿ ಕ್ರೋಮ್ 80ನೆಯ ಆವೃತ್ತಿಯೊಂದಿಗೆ, ಒಂದು ತಾಣದ ಕುಕಿಗಳು ಮತ್ತೊಂದು ತಾಣದ ಮೂಲಕ ಹರಿಯುವುದನ್ನು ಬಿಗಿಗೊಳಿಸುವ ನಿಯಮ ಜಾರಿಗೆ ಬಂದಿತು. ಸುರಕ್ಷತೆಗೆ ಒಳ್ಳೆಯದೇ. ಆದರೆ ಒಂದು ತಾಣದಿಂದ ಮತ್ತೊಂದಕ್ಕೆ ಹೋಗಿ ಮರಳುವ ಪಾವತಿ ದ್ವಾರಗಳಂತಹ ವ್ಯವಸ್ಥೆಗಳು ತಮ್ಮ ಸಂಕೇತವನ್ನು ತಿದ್ದಿಕೊಳ್ಳದಿದ್ದರೆ ಮುಗ್ಗರಿಸುವಂತಿದ್ದವು. ಕೋವಿಡ್ ಬಂದಾಗ ಗೂಗಲ್ ಆ ನಿಯಮವನ್ನು ಏಪ್ರಿಲ್‌ನಲ್ಲಿ ತಾತ್ಕಾಲಿಕವಾಗಿ ಹಿಂತೆಗೆದುಕೊಂಡು, ಜುಲೈಯಲ್ಲಿ ಮತ್ತೆ ಜಾರಿಗೊಳಿಸಿತು. ಬ್ಯಾಂಕು, ದಿನಸಿ, ಸರಕಾರಿ ಸೇವೆಗಳ ತಾಣಗಳು ಆ ಹೊತ್ತಿನಲ್ಲಿ ನಿಲ್ಲಬಾರದೆಂಬುದೇ ಅದು ಕೊಟ್ಟ ಕಾರಣ.

ಈ ಪ್ರಸಂಗದಿಂದ ಒಂದು ಉಪಯುಕ್ತ ವಿವೇಚನೆ ಹೊರಡುತ್ತದೆ. ತೂತು ಮುಚ್ಚುವ ತಿದ್ದುಪಡಿ ಬೇರೆ, ನಡವಳಿಕೆಯನ್ನು ಬದಲಿಸುವ ಹೊಸ ಆವೃತ್ತಿ ಬೇರೆ. ನಮ್ಮ ಕೆಲಸ ಕೆಡಿಸುವುದು ಬಹುಮಟ್ಟಿಗೆ ಎರಡನೆಯದು. ಇವೆರಡನ್ನು ಬೇರ್ಪಡಿಸಿ ಪಡೆಯುವ ಮಾರ್ಗವಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಫೈರ್‌ಫಾಕ್ಸಿನ ಇಎಸ್‌ಆರ್ ಎಂಬ ದೀರ್ಘಾವಧಿ ಆವೃತ್ತಿಯು ಸುಮಾರು ಒಂದು ವರ್ಷದವರೆಗೆ ತನ್ನ ನಡವಳಿಕೆಯನ್ನು ಬದಲಿಸದೆ, ಸುರಕ್ಷತಾ ತಿದ್ದುಪಡಿಗಳನ್ನು ಮಾತ್ರ ಪಡೆಯುತ್ತಿರುತ್ತದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಅದು ದೊಡ್ಡ ಕಂಪನಿಗಳಿಗೆ ಮಾತ್ರ ಮೀಸಲೂ ಅಲ್ಲ. ನಾಲ್ಕು ಯಂತ್ರಗಳ ಕಚೇರಿಯಲ್ಲೂ ಅದನ್ನು ಹಾಕಿಕೊಳ್ಳಬಹುದು. ಸಣ್ಣ ವರ್ತಕನ ಅಗತ್ಯಕ್ಕೆ ಇಷ್ಟು ಹೊಂದುವ ಬ್ರೌಸರ್ ಮತ್ತೊಂದಿಲ್ಲವೆಂದೇ ಹೇಳಬೇಕು.

ಇದರ ಜೊತೆಗೆ ಕಚೇರಿಯಲ್ಲಿ ಎರಡು ಭಿನ್ನ ಮನೆತನದ ಬ್ರೌಸರುಗಳು ಇರತಕ್ಕದ್ದು. ಕ್ರೋಮ್ ಮತ್ತು ಎಡ್ಜ್ ಇದ್ದರೆ ಎರಡಾಯಿತೆಂದು ಭಾವಿಸಬಾರದು, ಅವೆರಡರ ಎಂಜಿನ್ ಒಂದೇ. ಕ್ರೋಮ್ ಒಂದು, ಫೈರ್‌ಫಾಕ್ಸ್ ಮತ್ತೊಂದು ಎಂದಿದ್ದರೆ ಒಂದರಲ್ಲಿ ಸಹಿ ನಡೆಯದ ದಿನ ಮತ್ತೊಂದು ಕೈಹಿಡಿಯುತ್ತದೆ. ಇನ್ನೂ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನೇ ಬೇಡುವ ಹಳೆಯ ತಾಣವೋ, ಕಾರ್ಖಾನೆಯ ಹಾಜರಾತಿ ಯಂತ್ರವೋ, ಕ್ಯಾಮೆರಾ ರೆಕಾರ್ಡರೋ ಇದ್ದರೆ ಎಡ್ಜ್ ಬ್ರೌಸರಿನೊಳಗಿನ ಐಇ ಮೋಡ್ ಬಳಸಬಹುದು. ಕನಿಷ್ಠ 2029ರವರೆಗೆ ಅದನ್ನು ಮುಂದುವರಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಅದಕ್ಕೂ ಬಗ್ಗದ ಹಳೆಯ ವ್ಯವಸ್ಥೆಗೆ ಪ್ರತ್ಯೇಕ ಯಂತ್ರವೊಂದನ್ನು ಮೀಸಲಿಡುವುದು ಲೇಸು. ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸವಾಗಲಿ, ಇಮೇಲ್ ಆಗಲಿ ಕೂಡದು. ಹಳೆಯ ಎತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಬಹುದು, ಆದರೆ ಅದನ್ನು ಹೆದ್ದಾರಿಗೆ ಹೂಡಲಾಗದು.

ದಿನಾಂಕದ ಪ್ರಶ್ನೆಗೂ ಉತ್ತರ ಸರಳ. ನವೀಕರಣ ತಾನಾಗಿ ಇಳಿದಿದ್ದರೂ ಬ್ರೌಸರನ್ನು ಒಮ್ಮೆ ಪೂರ್ಣವಾಗಿ ಮುಚ್ಚಿ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ನಲವತ್ತು ಕಿಟಕಿಗಳನ್ನು ತೆರೆದಿಟ್ಟು ಯಂತ್ರವನ್ನು ವಾರಗಟ್ಟಲೆ ಆರಿಸದ ನಮ್ಮ ಲೆಕ್ಕಿಗರು ನವೀಕರಿಸಿಯೂ ನವೀಕರಿಸದಂತಿರುತ್ತಾರೆ. ಪ್ರತಿ ಶನಿವಾರ ಸಂಜೆ ಎಲ್ಲವನ್ನೂ ಮುಚ್ಚಿ ತೆರೆಯುವ ಪದ್ಧತಿ ಇಟ್ಟುಕೊಂಡು, ಸೋಮವಾರ ಬೆಳಿಗ್ಗೆ ಟೋಕನ್ ಸಿಕ್ಕಿಸಿ ಜಿಎಸ್‌ಟಿ ತಾಣಕ್ಕೊಮ್ಮೆ, ಬ್ಯಾಂಕಿನ ತಾಣಕ್ಕೊಮ್ಮೆ ಪ್ರವೇಶಿಸಿ ನೋಡಿದರೆ ಏನಾದರೂ ಕೆಟ್ಟಿದ್ದರೆ ಆಗಲೇ ತಿಳಿಯುತ್ತದೆ. ಕಡೆಯ ದಿನವೇ ತಿಳಿದರೆ ಮಾತ್ರ ಅದು ವಿಪತ್ತು. ಹಾಗೊಮ್ಮೆ ಹಣವೇ ಹೋದರೆ ತಡಮಾಡದೆ ಬ್ಯಾಂಕಿಗೂ, ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ತಿಳಿಸತಕ್ಕದ್ದು.

ಇಲಾಖೆಗಳ ಪಾಲು

ಇಷ್ಟೆಲ್ಲವನ್ನೂ ವರ್ತಕನೇ ಮಾಡಬೇಕೆನ್ನುವುದು ಅರ್ಧ ನ್ಯಾಯ. 2021ರ ಜೂನ್ 7ರಂದು ಆರಂಭವಾದ ಆದಾಯ ತೆರಿಗೆಯ ಹೊಸ ತಾಣ ತೊಡಕುಗಳಲ್ಲಿ ಸಿಲುಕಿದಾಗ ಸರಕಾರ ರಿಟರ್ನ್ ದಿನಾಂಕವನ್ನು ಆ ವರ್ಷದ ಡಿಸೆಂಬರ್ 31ರವರೆಗೆ ಮುಂದೂಡಿತು. ತಾಣ ಕೆಟ್ಟರೆ ರಿಯಾಯಿತಿಯುಂಟು. ಆದರೆ ತಾಣ ನೆಟ್ಟಗಿದ್ದು, ಬ್ರೌಸರಿನ ಹೊಸ ನಿಯಮಕ್ಕೆ ಅದರ ಸಹಿ ವ್ಯವಸ್ಥೆ ಹೊಂದಿಕೊಳ್ಳದಿದ್ದರೆ, ಅದನ್ನು ತೆರಿಗೆದಾರನ ಯಂತ್ರದ ಸಮಸ್ಯೆಯೆಂದು ತಳ್ಳಿಹಾಕುವುದೇ ರೂಢಿಯಾಗಿದೆ. ಸಹಾಯವಾಣಿಗೆ ಕರೆ ಮಾಡಿದರೆ “ಹಳೆಯ ಆವೃತ್ತಿ ಹಾಕಿಕೊಳ್ಳಿ”, “ಆಂಟಿವೈರಸ್ ನಿಲ್ಲಿಸಿ ನೋಡಿ” ಎಂಬ ಸಲಹೆ ಬಂದರೆ ಅದನ್ನು ಸಲಹೆಯೆನ್ನಲಾಗದು. ತಮ್ಮ ಕೆಲಸದ ಬಾಕಿಯನ್ನು ನಮ್ಮ ಖಾತೆಗೆ ಖರ್ಚು ಹಾಕುವುದು ಅದು.

ಬ್ರೌಸರಿನ ಬದಲಾವಣೆಗಳು ರಹಸ್ಯವಾಗಿ ಬರುವುದಿಲ್ಲ. ಬಿಡುಗಡೆಗೆ ವಾರಗಳ ಮುನ್ನವೇ ಪರೀಕ್ಷಾ ಆವೃತ್ತಿಗಳು ಎಲ್ಲರಿಗೂ ಲಭ್ಯವಿರುತ್ತವೆ. ಕಡ್ಡಾಯ ಸಲ್ಲಿಕೆಗಳ ತಾಣ ನಡೆಸುವವರು ಅವುಗಳಲ್ಲಿ ಸಹಿ ಹಾಕಿ ನೋಡಿ, ಯಾವ ಬ್ರೌಸರಿನ ಯಾವ ಆವೃತ್ತಿಯವರೆಗೆ ಪರೀಕ್ಷಿಸಲಾಗಿದೆ ಎಂಬುದನ್ನು ದಿನಾಂಕಸಹಿತ ಮುಖಪುಟದಲ್ಲಿ ಪ್ರಕಟಿಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಸಹಿ ವ್ಯವಸ್ಥೆ ಕೆಟ್ಟ ದಿನಗಳಲ್ಲಿ ಕಂಪನಿಗಳಿಗೂ, ಎಲ್‌ಎಲ್‌ಪಿಗಳಿಗೂ ಮೊಬೈಲ್ ಸಂಕೇತದ ಮೂಲಕ ದೃಢೀಕರಿಸುವ ಇವಿಸಿ ಸೌಲಭ್ಯ ಕೊಡಬೇಕೆಂಬುದು ನಮ್ಮ ಎರಡನೆಯ ಬೇಡಿಕೆಯಾಗಬೇಕು. ಇದು ಹೊಸದೇನಲ್ಲ. ಕೋವಿಡ್ ಕಾಲದಲ್ಲಿ 2020ರ ಏಪ್ರಿಲ್ 21ರಿಂದ ಕಂಪನಿಗಳು ಜಿಎಸ್‌ಟಿಆರ್-3ಬಿಯನ್ನು ಇವಿಸಿ ಮೂಲಕ ಸಲ್ಲಿಸಲು ಅವಕಾಶ ನೀಡಲಾಗಿತ್ತು. ಆಗ ಸಾಧ್ಯವಾದದ್ದು ಈಗ ಅಸಾಧ್ಯವಾಗಬೇಕಾಗಿಲ್ಲ.

ನಮ್ಮ ಮಂಡಳಿಯು ಈ ಕುರಿತು ಸಂಬಂಧಪಟ್ಟವರಿಗೆ ಮನವಿ ಸಲ್ಲಿಸಬೇಕಾದರೆ ಬರಿಯ ದೂರು ಸಾಲದು, ದಾಖಲೆ ಬೇಕು. ನವೀಕರಣದ ನಂತರ ಯಾವುದೇ ತಾಣದಲ್ಲಿ ಸಹಿಯಾಗಲಿ ಪಾವತಿಯಾಗಲಿ ನಡೆಯದ ಸದಸ್ಯರು ಪರದೆಯ ಚಿತ್ರ, ದಿನಾಂಕ ಮತ್ತು ವೇಳೆ, ತಾಣದ ಹೆಸರು, ಬ್ರೌಸರಿನ ಹೆಸರು ಹಾಗೂ ಆವೃತ್ತಿ ಸಂಖ್ಯೆಯನ್ನು ಕಾರ್ಯದರ್ಶಿಗಳಿಗೆ ಬರೆದು ಕಳುಹಿಸಬೇಕು. ಟೋಕನ್ ಸಂಖ್ಯೆ, ಪಿನ್, ಗುಪ್ತಪದಗಳನ್ನು ಯಾರಿಗೂ ಬರೆಯತಕ್ಕದ್ದಲ್ಲ. ಆವೃತ್ತಿ ಸಂಖ್ಯೆಯು ಬ್ರೌಸರಿನ ‘ಹೆಲ್ಪ್’ ಪಟ್ಟಿಯಲ್ಲಿನ ‘ಅಬೌಟ್’ ಎಂಬಲ್ಲಿ ಸಿಗುತ್ತದೆ. ಆ ಪುಟವನ್ನು ತೆರೆದ ಕೂಡಲೇ ಬ್ರೌಸರು ಬಾಕಿ ಉಳಿದಿರುವ ನವೀಕರಣವನ್ನು ತಾನಾಗಿ ಹುಡುಕಲಾರಂಭಿಸುತ್ತದೆ, ಆದ್ದರಿಂದ ಕಂಡ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಳ್ಳುವುದು ಒಳಿತು.